ಕುಂಬಳದ ಹೂ ಕಾಯಿ ಕಚ್ಚುವ ಬಗೆ

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಗೊಬ್ಬರದ ಗುಂಡಿಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಡೆಯಲ್ಲಿ ನಾಲ್ಕು ಕುಂಬಳದ ಬೀಜಗಳನ್ನು ಊರುವುದು ನಮ್ಮ ನಾಡಿನ ಹಿತ್ತಿಲುಗಳಲ್ಲಿ ಹಿಂದಿನಿಂದಲೂ ನಡೆದು ಬಂದ ವಾಡಿಕೆ. ಬೀಜ ಮೊಳೆಯುತ್ತದೆ, ಬಳ್ಳಿ ನೆಲದ ಮೇಲೂ ಬೇಲಿಯ ಮೇಲೂ ಹರಿದಾಡುತ್ತದೆ, ಒಂದೂವರೆ ಎರಡು ತಿಂಗಳಲ್ಲಿ ಬಂಗಾರದ ಬಟ್ಟಲುಗಳಂಥ ಹೂಗಳು ದಿನಕ್ಕೆ ಹತ್ತಾರರಂತೆ ಅರಳುತ್ತವೆ. ಆದರೆ ಎಷ್ಟೋ ಮನೆಗಳಲ್ಲಿ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಹೂಗಳು ಒಂದೊಂದಾಗಿ ಬಾಡಿ ಉದುರುತ್ತವೆ. ಎಲ್ಲೋ ಒಂದೆರಡು ಕಡೆ ಗೋಲಿಯ ಗಾತ್ರದ ಹೀಚು ಕಾಣಿಸಿಕೊಂಡು ಆಸೆ ಹುಟ್ಟಿಸುತ್ತದೆ. ನಾಲ್ಕಾರು ದಿನಗಳಲ್ಲಿ ಅದೂ ಹಳದಿಯಾಗಿ, ಮುರುಟಿ ಬಿದ್ದುಹೋಗುತ್ತದೆ. ಯಾರದೋ ಕಣ್ಣು ತಗುಲಿತೆಂದು ಕೆಲವರು ಹೇಳುತ್ತಾರೆ. ಹೀಚಿನ ಕಡೆಗೆ ಬೆರಳು ತೋರಿಸಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುವುದೂ ಉಂಟು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮಗೆಲ್ಲ ತಿಳಿದದ್ದೆ. ಆದರೆ ಇಲ್ಲಿ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ಕಳ್ಳ ಯಾರೂ ಇಲ್ಲ. ಬರಬೇಕಾಗಿದ್ದ ಒಬ್ಬ ಅತಿಥಿ ಬರಲಿಲ್ಲ, ಅಷ್ಟೆ.

ಆ ಅತಿಥಿ ಯಾರು, ಅವನು ಬಂದು ಮಾಡುವ ಕೆಲಸವೇನು, ಅವನು ಬಾರದಿದ್ದರೆ ಆ ಕೆಲಸವನ್ನು ನಾವೇ ಮಾಡಬಹುದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಭೌತವಿಜ್ಞಾನವನ್ನು ಪಾಠ ಹೇಳುವವನಿಗೆ ಕುಂಬಳದ ಗೊಡವೆ ಏಕೆಂದು ವಾಚಕರು ಕೇಳಬಹುದು. ಈ ಹೂವಿನ ಒಂದು ಬೆಳಗಿನ ಬಾಳಿನಲ್ಲಿ ದ್ರವಗಳ ಸ್ನಿಗ್ಧತೆ, ಅಭಿಸರಣದ ಒತ್ತಡ, ಸ್ಥಿರವಿದ್ಯುತ್ತು ಮುಂತಾಗಿ ನಾವು ತರಗತಿಯಲ್ಲಿ ಓದುವ ಹಲವು ಸಂಗತಿಗಳು ಅಡಕವಾಗಿವೆಯೆಂಬುದು ಮುಂದೆ ತಾನಾಗಿ ತಿಳಿಯುವುದು.

ಗಂಡು ಹೂ, ಹೆಣ್ಣು ಹೂ

ದಾಸವಾಳದ ಹೂವನ್ನೋ ಬದನೆಯ ಹೂವನ್ನೋ ಬಿಡಿಸಿ ನೋಡಿದರೆ ಗಂಡುಭಾಗವಾದ ಕೇಸರಗಳೂ ಹೆಣ್ಣುಭಾಗವಾದ ಅಂಡಾಶಯವೂ ಒಂದೇ ಹೂವಿನಲ್ಲಿರುವುದು ಕಾಣುತ್ತದೆ. ಕುಂಬಳದ ಜಾತಿಯಲ್ಲಿ ಹಾಗಿಲ್ಲ. ಒಂದೇ ಬಳ್ಳಿಯಲ್ಲಿ ಗಂಡು ಹೂಗಳೇ ಬೇರೆ, ಹೆಣ್ಣು ಹೂಗಳೇ ಬೇರೆ. ಸೌತೆ, ಸೋರೆ, ಹೀರೆ, ಪಡವಲ, ಹಾಗಲ ಇವುಗಳ ರೀತಿಯೂ ಸಾಮಾನ್ಯವಾಗಿ ಇದೇ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಪೇಟೆಗಳಲ್ಲಿ ಜುಕಿನಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತಿರುವ ಕಾಯಿಯೂ ಕುಂಬಳದ ಹತ್ತಿರದ ದಾಯಾದಿಯೇ. ಬಳ್ಳಿಯಾಗಿ ಹರಿಯದೆ ಗಿಡದಂತೆ ಗುಂಪಾಗಿ ಬೆಳೆಯುವುದರಿಂದ ಅದನ್ನು ತಾರಸಿಯ ಮೇಲಿನ ಕುಂಡಗಳಲ್ಲಿಯೂ ಬೆಳೆಸುತ್ತಾರೆ. ಸಿಹಿಗುಂಬಳದ ಹೂವಿನ ವಿಷಯವಾಗಿ ಇಲ್ಲಿ ಹೇಳುವುದೆಲ್ಲ ಅದಕ್ಕೂ ಸಲ್ಲುತ್ತದೆ.

ಎರಡು ಬಗೆಯ ಹೂಗಳನ್ನು ಗುರುತಿಸುವುದು ಸುಲಭ. ಗಂಡು ಹೂ ಉದ್ದವಾದ ತೆಳ್ಳನೆಯ ತೊಟ್ಟಿನ ತುದಿಯಲ್ಲಿರುತ್ತದೆ. ಹೂವಿನ ಬುಡದಲ್ಲಿ ಯಾವ ಉಬ್ಬೂ ಇರುವುದಿಲ್ಲ. ಹೆಣ್ಣು ಹೂವಿನ ತೊಟ್ಟು ಗಿಡ್ಡ ಮತ್ತು ದಪ್ಪ. ತೊಟ್ಟಿಗೂ ದಳಗಳಿಗೂ ನಡುವೆ ಮುಂದಿನ ಕಾಯಿಯ ಪುಟ್ಟ ಪ್ರತಿಮೆಯಂತಿರುವ ಹಸುರು ಗುಂಡು ಇರುತ್ತದೆ. ಅದೇ ಅಂಡಾಶಯ. ಹೂ ಅರಳುವ ಮೊದಲೇ ಅದು ಅಲ್ಲಿರುವುದರಿಂದ ಕಾಯಿ ಕಚ್ಚಿತೆಂದು ಅನೇಕರು ಭ್ರಮಿಸುತ್ತಾರೆ. ವಾಸ್ತವದಲ್ಲಿ ಅದು ಕಾಯಿಯಲ್ಲ, ಕಾಯಿಯಾಗುವ ಅವಕಾಶ ಮಾತ್ರ.

ಗಂಡು ಹೂವಿನ ಒಳಗೆ ಕೇಸರಗಳು ಒಟ್ಟುಗೂಡಿ ಒಂದು ಕಂಬದಂತಾಗಿರುತ್ತವೆ. ಅದರ ಮೈಗೆ ಅರಿಸಿನ ಬಣ್ಣದ ಪುಡಿ ಮೆತ್ತಿಕೊಂಡಿರುತ್ತದೆ. ಈ ಪುಡಿಯೇ ಪರಾಗ. ಹೆಣ್ಣು ಹೂವಿನ ನಡುವೆ, ಅಂಡಾಶಯದಿಂದ ಮೇಲೆದ್ದ ಗಿಡ್ಡ ಶಲಾಕೆಯ ತುದಿಯಲ್ಲಿ, ದಪ್ಪನಾದ ಮೂರು ಹಾಲೆಗಳಿರುತ್ತವೆ. ಪ್ರತಿಯೊಂದು ಹಾಲೆಯೂ ಮತ್ತೆ ಎರಡಾಗಿ ಸೀಳಿದಂತಿರುತ್ತದೆ. ಇದಕ್ಕೆ ಶಲಾಕಾಗ್ರವೆಂದು ಹೆಸರು. ಗಂಡು ಹೂವಿನ ಪರಾಗವು ಹೆಣ್ಣು ಹೂವಿನ ಶಲಾಕಾಗ್ರವನ್ನು ಮುಟ್ಟುವುದೇ ಪರಾಗಸ್ಪರ್ಶ. ಅದು ನಡೆಯದಿದ್ದರೆ ಕಾಯಿ ಇಲ್ಲ.

ಹೂ ಬಿಡುವ ಕ್ರಮದಲ್ಲಿಯೂ ಒಂದು ವಿಶೇಷವಿದೆ. ಬಳ್ಳಿ ಮೊದಲು ಗಂಡು ಹೂಗಳನ್ನೇ ಬಿಡುತ್ತದೆ. ಹಲವು ದಿನಗಳ ತರುವಾಯ ಹೆಣ್ಣು ಹೂಗಳು ಕಾಣಿಸಿಕೊಳ್ಳುತ್ತವೆ. ಆಮೇಲೂ ಗಂಡು ಹೂಗಳ ಸಂಖ್ಯೆಯೇ ಬಹಳ ಹೆಚ್ಚು. ಒಂದು ಹೆಣ್ಣು ಹೂವಿಗೆ ಹತ್ತಕ್ಕೂ ಮಿಕ್ಕಿ ಗಂಡು ಹೂಗಳಿರುವುದು ಅಪರೂಪವಲ್ಲ. ಆದುದರಿಂದ ಮೊದಲ ಒಂದೆರಡು ವಾರಗಳ ಹೂಗಳೆಲ್ಲ ಉದುರಿದರೆ ಗಾಬರಿಪಡಬೇಕಾಗಿಲ್ಲ. ಅವು ಉದುರಲೆಂದೇ ಹುಟ್ಟಿದವು. ಈ ಅನುಪಾತವನ್ನು ಹವೆಯೂ ಬದಲಾಯಿಸುತ್ತದೆ. ಹಗಲು ದೀರ್ಘವಾಗಿ ಸೆಕೆ ಹೆಚ್ಚಾದಾಗ ಗಂಡು ಹೂಗಳೂ, ಹಗಲು ಗಿಡ್ಡವಾಗಿ ರಾತ್ರಿ ತಂಪಾದಾಗ ಹೆಣ್ಣು ಹೂಗಳೂ ಹೆಚ್ಚುತ್ತವೆಯೆಂಬುದನ್ನು ನೀಚ್, ವೆಂಟ್ ಮತ್ತು ಅವರ ಸಂಗಡಿಗರು ೧೯೫೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಸಾರಜನಕದ ಗೊಬ್ಬರ ಮಿತಿಮೀರಿದರೂ ಬಳ್ಳಿ ಎಲೆಯಲ್ಲಿಯೂ ಗಂಡು ಹೂವಿನಲ್ಲಿಯೂ ತನ್ನ ಸಂಪತ್ತನ್ನು ವ್ಯಯಮಾಡುತ್ತದೆ.

ಈ ಜ್ಞಾನ ಬಂದ ಬಗೆ

ಹೂವಿನಲ್ಲಿ ಗಂಡು ಹೆಣ್ಣೆಂಬ ಭೇದವಿದೆಯೆಂಬುದು ಇಂದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಅದನ್ನು ಪ್ರಯೋಗದಿಂದ ಸಿದ್ಧಪಡಿಸಿ ತೋರಿಸಿದ್ದು ೧೬೯೪ರಲ್ಲಿ. ಜರ್ಮನಿಯ ಟ್ಯೂಬಿಂಗೆನ್ ನಗರದ ಪ್ರಾಧ್ಯಾಪಕನಾಗಿದ್ದ ಕಾಮೆರೇರಿಯಸನು ಹರಳುಗಿಡದ ಗಂಡು ಮೊಗ್ಗುಗಳನ್ನು ಅರಳುವ ಮೊದಲೇ ಕಿತ್ತುಹಾಕಿದನು. ಆ ಗಿಡ ಗಟ್ಟಿಯಾದ ಬೀಜಗಳನ್ನು ಬಿಡಲಿಲ್ಲ. ಮುಸುಕಿನ ಜೋಳದ ತೆನೆಯ ರೇಷ್ಮೆಯಂಥ ಎಳೆಗಳನ್ನು ಕತ್ತರಿಸಿದನು, ಕಾಳು ಕಟ್ಟಲಿಲ್ಲ. ಈ ಫಲಗಳನ್ನು ಅವನು ಸಸ್ಯಗಳ ಲಿಂಗಭೇದವನ್ನು ಕುರಿತ ಒಂದು ಪತ್ರದ ರೂಪದಲ್ಲಿ ಪ್ರಕಟಿಸಿದನು. ಕೀಟಗಳು ಪರಾಗವನ್ನು ಸಾಗಿಸುತ್ತವೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಹಲವರು ಗಮನಿಸಿದರು. ಸ್ಪಾಂಡೌ ಊರಿನ ಉಪಾಧ್ಯಾಯನಾಗಿದ್ದ ಸ್ಪ್ರೆಂಗೆಲನು ೧೭೯೩ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದು, ಹೂವಿನ ಬಣ್ಣ, ಗೆರೆ, ಮಕರಂದ ಇವೆಲ್ಲವೂ ಕೀಟಗಳನ್ನು ಕರೆಯಲು ಇರುವ ಏರ್ಪಾಡುಗಳೆಂದು ವಾದಿಸಿದನು.

ಶಲಾಕಾಗ್ರದ ಮೇಲೆ ಬಿದ್ದ ಪರಾಗ ಮುಂದೆ ಏನು ಮಾಡುತ್ತದೆ? ಇದಕ್ಕೆ ಮೊದಲ ಸುಳಿವು ದೊರೆತದ್ದು ೧೮೨೪ರ ಸುಮಾರಿಗೆ, ಇಟಲಿಯ ಅಮಿಚಿಗೆ. ಅಮಿಚಿ ಮಸೂರಗಳನ್ನೂ ಸೂಕ್ಷ್ಮದರ್ಶಕಗಳನ್ನೂ ತಯಾರಿಸುವುದರಲ್ಲಿ ಹೆಸರಾದವನು. ತಾನೇ ರಚಿಸಿದ ಉಪಕರಣದಲ್ಲಿ ಗೋಣಿಸೊಪ್ಪಿನ ಜಾತಿಯ ಹೂವಿನ ಶಲಾಕಾಗ್ರವನ್ನು ನೋಡುತ್ತಿದ್ದಾಗ, ಪರಾಗದ ಕಣವೊಂದರಿಂದ ಸಣ್ಣ ನಾಳವೊಂದು ಹೊರಬಂದುದನ್ನು ಅವನು ಕಂಡನು. ಆ ನಾಳ ಶಲಾಕೆಯೊಳಗೆ ಇಳಿದು ಅಂಡಾಶಯವನ್ನು ಸೇರುತ್ತದೆಂಬುದು ಅನಂತರದ ವರ್ಷಗಳಲ್ಲಿ ಸ್ಪಷ್ಟವಾಯಿತು. ದ್ಯುತಿವಿಜ್ಞಾನದಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಸಸ್ಯವಿಜ್ಞಾನದಲ್ಲಿ ಒಂದು ಬಾಗಿಲು ತೆರೆಯಿತು.

ಒಂದು ಕಣ, ಒಂದು ಬೀಜ

ಕುಂಬಳದ ಅಂಡಾಶಯದೊಳಗೆ ಕೆಲವು ನೂರು ಅಂಡಕಗಳಿರುತ್ತವೆ. ಒಂದೊಂದು ಅಂಡಕವೂ ಬೀಜವಾಗಬೇಕಾದರೆ ಅದಕ್ಕೆ ತನ್ನದೇ ಆದ ಒಂದು ಪರಾಗಕಣ ಬೇಕು. ಶಲಾಕಾಗ್ರದ ತೇವವಾದ ಮೈಯ ಮೇಲೆ ಕುಳಿತ ಕಣ ಸ್ವಲ್ಪ ಹೊತ್ತಿನಲ್ಲಿಯೇ ಮೊಳೆಯುತ್ತದೆ. ಅದರ ನಾಳ ಶಲಾಕೆಯ ಊತಕಗಳ ನಡುವೆ ದಾರಿ ಮಾಡಿಕೊಂಡು ಕೆಲವು ಸೆಂಟಿಮೀಟರು ದೂರ ಇಳಿದು, ಸುಮಾರು ಒಂದು ದಿನದಲ್ಲಿ ಅಂಡಕಗಳನ್ನು ಮುಟ್ಟುತ್ತದೆ. ಕಣದ ಗಾತ್ರಕ್ಕೆ ಹೋಲಿಸಿದರೆ ಇದು ನೂರಾರು ಪಟ್ಟು ಉದ್ದದ ಪಯಣ. ನಾಳದ ಮೂಲಕ ಬಂದ ಎರಡು ಗಂಡು ಕೋಶಗಳಲ್ಲಿ ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು, ಭ್ರೂಣಕ್ಕೆ ಆಹಾರವಾಗುವ ಊತಕವನ್ನು ಹುಟ್ಟಿಸುತ್ತದೆ. ಈ ಇಮ್ಮಡಿ ನಿಷೇಚನವನ್ನು ೧೮೯೮ರಲ್ಲಿ ಕಂಡುಹಿಡಿದವನು ರಷ್ಯದ ನವಾಷಿನ್.

ಬೀಜ ಕಟ್ಟಿದರೆ ಕಾಯಿ ಏಕೆ ಬೆಳೆಯಬೇಕು? ಬೆಳೆಯುವ ಬೀಜಗಳು ಆಕ್ಸಿನ್, ಜಿಬ್ಬರೆಲಿನ್ ಮುಂತಾದ ಚೋದಕ ವಸ್ತುಗಳನ್ನು ಹೊರಗೆಡಹುತ್ತವೆ. ಆ ವಸ್ತುಗಳೇ ಸುತ್ತಲಿನ ತಿರುಳಿಗೆ ‘ಬೆಳೆ’ ಎಂದು ಹೇಳುವ ಆಜ್ಞೆಗಳು. ೧೯೩೬ರಲ್ಲಿ ಅಮೆರಿಕದ ಗುಸ್ಟಾಫ್‌ಸನ್ ಅಂಥ ವಸ್ತುಗಳನ್ನು ಪರಾಗಸ್ಪರ್ಶವಾಗದ ಹೂಗಳಿಗೆ ಲೇಪಿಸಿ, ಬೀಜವಿಲ್ಲದ ಕಾಯಿಗಳನ್ನು ಪಡೆದನು. ೧೯೫೦ರಲ್ಲಿ ನೀಚ್ ಸ್ಟ್ರಾಬೆರಿ ಹಣ್ಣಿನ ಮೇಲಿರುವ ಬೀಜಗಳಂಥ ಕಾಳುಗಳನ್ನು ಕೆಲವೆಡೆ ಮಾತ್ರ ಉಳಿಸಿ ಮಿಕ್ಕವನ್ನು ತೆಗೆದುಹಾಕಿದನು. ಕಾಳು ಉಳಿದ ಕಡೆ ಮಾತ್ರ ತಿರುಳು ಉಬ್ಬಿತು. ಹಿತ್ತಿಲಿನಲ್ಲಿ ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ಸೊರಗಿದ ಸೊಟ್ಟ ಸೌತೆಕಾಯಿಯನ್ನು ಕಂಡಾಗ ಇದನ್ನು ನೆನೆಯಬಹುದು. ಸಾಕಷ್ಟು ಪರಾಗ ಬೀಳದ ಹೂ ಕಾಯಿಯಾದರೂ ಸಣ್ಣದಾಗುತ್ತದೆ, ಇಲ್ಲವೆ ಸೊಟ್ಟಗಾಗುತ್ತದೆ. ಪರಾಗ ಬೀಳದೇ ಹೋದರೆ ಆಜ್ಞೆಯೇ ಹೊರಡುವುದಿಲ್ಲ. ಬಳ್ಳಿ ಆ ಹೀಚಿಗೆ ಆಹಾರ ಕೊಡುವುದನ್ನು ನಿಲ್ಲಿಸಿ ಅದನ್ನು ಕಳಚಿಹಾಕುತ್ತದೆ. ಬೆರಳು ತೋರಿಸಿದ್ದರಿಂದ ಬಿದ್ದಿತೆಂದು ನಾವು ಭಾವಿಸುವ ಹೀಚು ಬಿದ್ದದ್ದು ಹೀಗೆ.

ಗಾಳಿಗೆ ಆಗದ ಕೆಲಸ

ಭತ್ತ, ಜೋಳ, ಹುಲ್ಲು ಇವುಗಳಿಗೆ ಪರಾಗವನ್ನು ಒಯ್ಯಲು ಗಾಳಿಯೇ ಸಾಕು. ಕುಂಬಳಕ್ಕೆ ಅದು ಏಕೆ ಸಾಲದು? ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಗಾಳಿಯಲ್ಲಿ ಬೀಳುವ ಸಣ್ಣ ಗೋಲವೊಂದು ಸ್ವಲ್ಪ ಹೊತ್ತಿನಲ್ಲಿಯೇ ಒಂದು ನಿಯತವಾದ ವೇಗವನ್ನು ಪಡೆಯುತ್ತದೆಂದೂ, ಆ ವೇಗವು ಗೋಲದ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದೂ ಸ್ಟೋಕ್ಸನ ನಿಯಮ ಹೇಳುತ್ತದೆ. ಅನೇಕ ಹುಲ್ಲುಗಳ ಪರಾಗದ ವ್ಯಾಸ ಸುಮಾರು ೩೦ ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ಅದರ ಸಾಂದ್ರತೆ ನೀರಿನಷ್ಟೇ ಎಂದು ಭಾವಿಸಿದರೆ ಅದು ಸೆಕೆಂಡಿಗೆ ೩ ಸೆಂಟಿಮೀಟರಿಗಿಂತ ತುಸು ಕಡಿಮೆ ವೇಗದಿಂದ ಇಳಿಯುತ್ತದೆ. ಅರ್ಧ ಮೀಟರು ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಸುಮಾರು ೧೮ ಸೆಕೆಂಡು ಬೇಕು. ಸೆಕೆಂಡಿಗೆ ೨ ಮೀಟರು ಬೀಸುವ ಮಂದಮಾರುತ ಅಷ್ಟರಲ್ಲಿ ಅದನ್ನು ೩೬ ಮೀಟರು ದೂರಕ್ಕೆ ಒಯ್ದಿರುತ್ತದೆ.

ಕುಂಬಳದ ಪರಾಗಕಣವೋ ಸಸ್ಯಲೋಕದ ದೈತ್ಯಕಣಗಳಲ್ಲಿ ಒಂದು. ಅದರ ವ್ಯಾಸ ಸುಮಾರು ೧೫೦ ಮೈಕ್ರಾನ್; ಕಣ್ಣು ಚುರುಕಾಗಿದ್ದವರಿಗೆ ಬರಿಗಣ್ಣಿಗೇ ಬಿಡಿ ಬಿಡಿಯಾಗಿ ಕಾಣುತ್ತದೆ. ಹುಲ್ಲಿನ ಕಣಕ್ಕಿಂತ ಐದು ಪಟ್ಟು ಅಗಲ. ಆದುದರಿಂದ ತೂಕದಲ್ಲಿ ೧೨೫ ಪಟ್ಟು. ಸ್ಟೋಕ್ಸನ ನಿಯಮದಂತೆ ವೇಗ ೨೫ ಪಟ್ಟು ಆಗಬೇಕು. ಇಷ್ಟು ದೊಡ್ಡ ಕಣದ ವಿಷಯದಲ್ಲಿ ಆ ನಿಯಮ ತುಸು ಸಡಿಲವಾಗುವುದರಿಂದ ನಿಜವಾದ ವೇಗ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಅರ್ಧ ಮೀಟರು ಎತ್ತರದಿಂದ ಒಂದೇ ಸೆಕೆಂಡಿನಲ್ಲಿ ಕೆಳಗೆ. ಅದೇ ಗಾಳಿ ಅದನ್ನು ಒಯ್ಯುವುದು ಕೇವಲ ೨ ಮೀಟರು. ಅದೂ ಕಣ ಬಿಡಿಯಾಗಿ ಹಾರಿದರೆ! ಈ ಕಣಗಳ ಮೈಯೆಲ್ಲ ಮುಳ್ಳು. ಮೇಲೆ ಜಿಡ್ಡಾದ ಲೇಪ. ಅವು ಒಂದಕ್ಕೊಂದು ಅಂಟಿಕೊಂಡು ಕೇಸರದ ಕಂಬವನ್ನು ಬಿಟ್ಟು ಕದಲುವುದೇ ಇಲ್ಲ. ಗಾಳಿಯನ್ನು ನಂಬಿದ ಹೂವಿಗೆ ಇಂಥ ಪರಾಗ ಶಾಪ. ರೋಮಭರಿತವಾದ ಮೈಯುಳ್ಳ ಜೇನನ್ನು ನಂಬಿದ ಹೂವಿಗೆ ಅದೇ ವರ.

ಜೇನಿನ ಭೇಟಿ

ಕುಂಬಳದ ಹೂ ಅರಳುವುದು ಬೆಳಕು ಹರಿಯುವ ಹೊತ್ತಿಗೆ. ಮಧ್ಯಾಹ್ನಕ್ಕೆ ಮುಂಚೆಯೇ ಅದು ಮುದುರಿಕೊಳ್ಳುತ್ತದೆ, ಮತ್ತೆ ಅರಳುವುದಿಲ್ಲ. ಇಡೀ ಹೂವಿನ ಜೀವನಕಾರ್ಯ ಆ ಕೆಲವು ಗಂಟೆಗಳಲ್ಲಿ ಮುಗಿಯಬೇಕು. ಮಕರಂದ ಹೂವಿನ ತಳದಲ್ಲಿದೆ. ಗಂಡು ಹೂವಿನಲ್ಲಿ ಕೇಸರಗಳ ಬುಡದ ಕಿಂಡಿಗಳ ಮೂಲಕವೂ ಹೆಣ್ಣು ಹೂವಿನಲ್ಲಿ ಶಲಾಕೆಯ ಸುತ್ತಲಿನ ಬಟ್ಟಲಿನಿಂದಲೂ ಅದನ್ನು ಹೀರಬೇಕು. ಅಲ್ಲಿಗೆ ಇಳಿಯುವ ಜೇನು ಒಂದರಲ್ಲಿ ಪರಾಗದ ಕಂಬಕ್ಕೆ ಮೈಯುಜ್ಜುತ್ತದೆ, ಇನ್ನೊಂದರಲ್ಲಿ ಶಲಾಕಾಗ್ರಕ್ಕೆ ಮೈಯುಜ್ಜುತ್ತದೆ. ಒಂದು ಸಲದ ಭೇಟಿಯಿಂದ ಎಲ್ಲ ಅಂಡಕಗಳಿಗೂ ಬೇಕಾದಷ್ಟು ಪರಾಗ ದೊರೆಯುವುದು ಅಪರೂಪ. ಆ ಬೆಳಗಿನಲ್ಲಿ ಹಲವು ಭೇಟಿಗಳು ನಡೆಯಬೇಕು.

ಸ್ಥಿರವಿದ್ಯುತ್ತೂ ಈ ವ್ಯವಹಾರದಲ್ಲಿ ಪಾಲುಗೊಳ್ಳುತ್ತದೆ. ಹಾರುವ ಜೇನಿನ ಮೈ ಸಾಮಾನ್ಯವಾಗಿ ಧನ ವಿದ್ಯುದಾವೇಶವನ್ನು ಪಡೆದಿರುತ್ತದೆ. ಹೂವಾದರೋ ತೇವವಾದ ದಂಟಿನ ಮೂಲಕ ಭೂಮಿಯೊಡನೆ ಸಂಪರ್ಕದಲ್ಲಿದೆ. ಜೇನು ಹತ್ತಿರ ಬಂದಂತೆ ಪ್ರೇರಣೆಯಿಂದ ಹೂವಿನಲ್ಲಿ ಋಣ ಆವೇಶ ಕೂಡುತ್ತದೆ. ಹಗುರವಾದ ಪರಾಗಕಣಗಳು ಜೇನಿನ ಮೈಗೆ ಎಳೆಯಲ್ಪಡುತ್ತವೆ. ೧೯೮೨ರಲ್ಲಿ ಕಾರ್ಬೆಟ್ ಮತ್ತು ಸಂಗಡಿಗರು ಈ ಆಕರ್ಷಣೆಯನ್ನು ಪರೀಕ್ಷಿಸಿದರು. ೨೦೧೩ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು: ಬಂಬಲ್ ಜೇನುಗಳು ಹೂವಿನ ಸುತ್ತಣ ವಿದ್ಯುತ್ ಕ್ಷೇತ್ರವನ್ನು ಗುರುತಿಸಬಲ್ಲವು, ಒಂದು ಬಗೆಯ ಕ್ಷೇತ್ರವನ್ನು ಇನ್ನೊಂದರಿಂದ ಬೇರ್ಪಡಿಸಿ ಕಲಿಯಬಲ್ಲವು. ಕುಂಬಳದ ಭಾರವಾದ ಕಣಗಳ ವಿಷಯದಲ್ಲಿ ಅಂಟು ಮತ್ತು ಮುಳ್ಳುಗಳೇ ಮುಖ್ಯವಾದರೂ, ಹೂವು ಜೇನುಗಳ ನಡುವೆ ಕಣ್ಣಿಗೆ ಕಾಣದ ಇಂಥ ಸಂಭಾಷಣೆಯೂ ನಡೆಯುತ್ತಿದೆಯೆಂಬುದು ನೆನಪಿಡತಕ್ಕ ಮಾತು.

ಕುಂಬಳ ನಮ್ಮ ದೇಶದ ಮೂಲ ಸಸ್ಯವಲ್ಲ. ಅದು ಅಮೆರಿಕ ಖಂಡದಿಂದ ಬಂದದ್ದು. ಮೆಕ್ಸಿಕೋ ದೇಶದ ಒಆಹಾಕ ಪ್ರಾಂತದ ಗವಿಯೊಂದರಲ್ಲಿ ದೊರೆತ ಬೀಜಗಳು ಸುಮಾರು ೧೦,೦೦೦ ವರ್ಷಗಳಷ್ಟು ಹಳೆಯವೆಂದು ೧೯೯೭ರಲ್ಲಿ ಗೊತ್ತಾಯಿತು. ಆ ನಾಡಿನಲ್ಲಿ ಕುಂಬಳದ ಹೂವನ್ನೇ ನಂಬಿ ಬಾಳುವ, ನಸುಕಿನಲ್ಲಿಯೇ ಕೆಲಸಕ್ಕೆ ಹೊರಡುವ ವಿಶೇಷ ಜಾತಿಯ ಜೇನುಗಳಿವೆ. ಬೀಜ ಕಡಲು ದಾಟಿ ಬಂದರೂ ಆ ಜೇನುಗಳು ಬರಲಿಲ್ಲ. ಇಲ್ಲಿ ಆ ಕೆಲಸವನ್ನು ನಮ್ಮ ತುಡುವೆ, ಹೆಜ್ಜೇನು, ಮುಜಂಟಿ ಮುಂತಾದ ಜೇನುಗಳೂ ಕೆಲವು ದುಂಬಿಗಳೂ ಮಾಡಿಕೊಡುತ್ತಿವೆ.

ಅವು ಕಡಮೆಯಾದರೆ? ಇದು ಊಹೆಯ ಪ್ರಶ್ನೆಯಲ್ಲ. ೧೯೯೧–೯೨ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ಮರಿಹುಳುಗಳನ್ನು ಕೊಂದು, ಕರ್ನಾಟಕದಲ್ಲಿಯೂ ತುಡುವೆ ಜೇನಿನ ಕುಟುಂಬಗಳ ಬಹುಭಾಗವನ್ನು ನಾಶಮಾಡಿತು. ಜೇನುಕೃಷಿಯನ್ನು ನಂಬಿದ್ದ ಮನೆಗಳಲ್ಲಿ ಪೆಟ್ಟಿಗೆಗಳು ಬರಿದಾಗಿ ನಿಂತವು. ಹೂ ಬಿಟ್ಟ ಹೊತ್ತಿನಲ್ಲಿ ಸಿಂಪಡಿಸುವ ಕೀಟನಾಶಕಗಳೂ, ಪಟ್ಟಣಗಳಲ್ಲಿ ಗೂಡು ಕಟ್ಟಲು ಪೊಟರೆಯಿರುವ ಹಳೆಯ ಮರಗಳು ಇಲ್ಲವಾಗುತ್ತಿರುವುದೂ ಜೇನಿಗೆ ಮಾರಕ. ಚೀನಾ ದೇಶದ ಹಾನ್‌ಯುವಾನ್ ಪ್ರಾಂತದ ಪೇರು ತೋಟಗಳಲ್ಲಿ ಜನರು ಮರ ಹತ್ತಿ, ಕೋಲಿನ ತುದಿಗೆ ಕಟ್ಟಿದ ಗರಿಗಳಿಂದ ಹೂಹೂವಿಗೂ ಪರಾಗ ಮುಟ್ಟಿಸುತ್ತ ಬಂದಿದ್ದಾರೆ. ಜೇನು ಕೂಲಿಯಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಕೂಲಿಯಾಗುತ್ತದೆಂಬುದು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ.

ಕೈಯಿಂದ ಪರಾಗಸ್ಪರ್ಶ

ಹಿತ್ತಿಲಿನ ನಾಲ್ಕು ಬಳ್ಳಿಗಳಿಗಾದರೆ ಈ ಕೆಲಸ ಕಷ್ಟವಲ್ಲ. ಕ್ರಮ ಹೀಗೆ:

ಮೊದಲನೆಯದಾಗಿ, ಹಿಂದಿನ ದಿನ ಸಂಜೆಯೇ ಬಳ್ಳಿಯನ್ನು ನೋಡಿ ಬರಬೇಕು. ಮರುದಿನ ಅರಳುವ ಮೊಗ್ಗುಗಳ ತುದಿ ಹಸುರು ಬಿಟ್ಟು ಹಳದಿಗೆ ತಿರುಗಿರುತ್ತದೆ. ಅಂಥ ಹೆಣ್ಣು ಮೊಗ್ಗೊಂದನ್ನೂ ಎರಡು ಮೂರು ಗಂಡು ಮೊಗ್ಗುಗಳನ್ನೂ ಗುರುತಿಟ್ಟುಕೊಳ್ಳಬೇಕು. ಮಳೆ ಬರುವ ಸೂಚನೆಯಿದ್ದರೆ ಅವಕ್ಕೆ ಕಾಗದದ ಟೋಪಿಯನ್ನು ಸಡಿಲವಾಗಿ ಕವಿಚುವುದು ಲೇಸು. ಪರಾಗಕಣದ ಒಳಗಿನ ದ್ರವ ಸಾಂದ್ರವಾದದ್ದು. ಬರಿಯ ನೀರು ತಗುಲಿದರೆ ಅಭಿಸರಣದಿಂದ ನೀರು ಒಳನುಗ್ಗಿ, ಒತ್ತಡ ತಾಳಲಾರದೆ ಕಣ ಒಡೆದುಹೋಗುತ್ತದೆ. ಮಳೆ ಹಿಡಿದ ದಿನಗಳಲ್ಲಿ ಕಾಯಿ ಕಚ್ಚದಿರಲು ಜೇನು ಹೊರಗೆ ಬಾರದಿರುವುದರ ಜೊತೆಗೆ ಇದೂ ಒಂದು ಕಾರಣ.

ಎರಡನೆಯದಾಗಿ, ಬೆಳಗ್ಗೆ ೬ರಿಂದ ೮ ಗಂಟೆಯ ಒಳಗೆ ಕೆಲಸ ಮುಗಿಯಬೇಕು. ಕುಂಬಳದ ಪರಾಗದಲ್ಲಿ ನೀರಿನ ಅಂಶ ಹೆಚ್ಚು; ಬಿಸಿಲೇರಿದಂತೆ ಅದು ಒಣಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಧ್ಯಾಹ್ನ ಬಿಡುವಾದಾಗ ಮಾಡೋಣವೆಂದರೆ ಹೂವೇ ಮುಚ್ಚಿರುತ್ತದೆ.

ಮೂರನೆಯದಾಗಿ, ಹೊಸದಾಗಿ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ದಳಗಳನ್ನು ಸುಲಿದುಹಾಕಬೇಕು. ಉಳಿಯುವ ಪರಾಗದ ಕಂಬವೇ ಕುಂಚ. ತೊಟ್ಟೇ ಅದರ ಹಿಡಿ. ಹೆಣ್ಣು ಹೂವಿನ ಶಲಾಕಾಗ್ರದ ಮೂರು ಹಾಲೆಗಳಿಗೂ ಅದನ್ನು ಮೃದುವಾಗಿ ಒರೆಸಬೇಕು. ಹಾಲೆಗಳ ಮೇಲೆ ಹಳದಿ ಪುಡಿ ಕಣ್ಣಿಗೆ ಕಾಣುವಂತಿರಬೇಕು. ಒಂದು ಗಂಡು ಹೂವಿನಿಂದ ಎರಡು ಹೆಣ್ಣು ಹೂಗಳಿಗೆ ಪರಾಗ ಕೊಡಬಹುದಾದರೂ, ಗಂಡು ಹೂಗಳಿಗೆ ಬರವಿಲ್ಲದಿರುವುದರಿಂದ ಒಂದು ಹೆಣ್ಣು ಹೂವಿಗೆ ಎರಡನ್ನು ಬಳಸಿದರೆ ಇನ್ನೂ ಒಳ್ಳೆಯದು. ಚಿತ್ರ ಬರೆಯುವ ಸಣ್ಣ ಕುಂಚವನ್ನೂ ಬಳಸಬಹುದು. ಆದರೆ ಅದು ಒಣಗಿರಬೇಕು. ಕುಂಬಳದ ಹೂವಿನ ಅಡುಗೆ ಮಾಡುವ ಮನೆಗಳಲ್ಲಿ ಪ್ರತಿ ಬೆಳಗ್ಗೆ ಮೂರು ನಾಲ್ಕು ಗಂಡು ಹೂಗಳನ್ನಾದರೂ ಬಳ್ಳಿಯಲ್ಲಿಯೇ ಉಳಿಸಬೇಕು.

ನಾಲ್ಕನೆಯದಾಗಿ, ಮುಟ್ಟಿಸಿದ ಹೂವಿನ ತೊಟ್ಟಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ ದಿನಾಂಕವನ್ನು ಬರೆದಿಡಬೇಕು. ಕೆಲಸ ಕೂಡಿಬಂದಿದ್ದರೆ ಎರಡು ಮೂರು ದಿನಗಳಲ್ಲಿ ಹೀಚು ಉಬ್ಬಿ, ಹೊಳಪೇರುತ್ತದೆ. ಇಲ್ಲದಿದ್ದರೆ ಹೂವಿನ ಕಡೆಯ ತುದಿಯಿಂದ ಹಳದಿಯಾಗುತ್ತ ಬರುತ್ತದೆ.

ಎಲ್ಲ ಹೀಚುಗಳೂ ಪರಾಗದ ಕೊರತೆಯಿಂದಲೇ ಬೀಳುವುದಿಲ್ಲವೆಂಬುದನ್ನೂ ಹೇಳಬೇಕು. ಹೀಚಿನ ಮೈಯಲ್ಲಿ ಸೂಜಿ ಚುಚ್ಚಿದಂಥ ರಂಧ್ರವಿದ್ದು ಅಂಟು ಒಸರುತ್ತಿದ್ದರೆ, ಒಡೆದಾಗ ಒಳಗೆ ಬಿಳಿಯ ಹುಳುಗಳಿದ್ದರೆ ಅದು ಹಣ್ಣಿನ ನೊಣದ ಕೆಲಸ. ಬಳ್ಳಿಯಲ್ಲಿ ಆಗಲೇ ದೊಡ್ಡ ಕಾಯಿಗಳು ಬಲಿಯುತ್ತಿದ್ದರೆ, ಹೊಸ ಹೀಚುಗಳನ್ನು ಬಳ್ಳಿ ತಾನೇ ಕೈಬಿಡುವುದೂ ಉಂಟು. ಜುಕಿನಿಯಂಥ ಕಾಯಿಗಳನ್ನು ಎಳೆಯದಾಗಿರುವಾಗಲೇ ಕೊಯ್ಯುತ್ತ ಹೋದರೆ ಹೆಚ್ಚು ಕಾಯಿ ದೊರೆಯುವುದು ಇದರಿಂದಲೇ. ಕೀಟನಾಶಕ ಸಿಂಪಡಿಸಲೇಬೇಕಾದರೆ ಹೂಗಳು ಮುಚ್ಚಿರುವ ಸಂಜೆಯ ಹೊತ್ತಿನಲ್ಲಿ ಸಿಂಪಡಿಸಬೇಕು.

ಬೇರೆ ಬಳ್ಳಿಗಳು

ಬಳಗವೊಂದೇ ಆದರೂ ಎಲ್ಲ ಬಳ್ಳಿಗಳ ಗಡಿಯಾರ ಒಂದೇ ಅಲ್ಲ. ಸೌತೆ, ಹಾಗಲಗಳ ಹೂ ಬೆಳಗ್ಗೆ ಅರಳುತ್ತದೆ. ಸೋರೆ, ಪಡವಲಗಳ ಬಿಳಿಯ ಹೂ ಸಂಜೆ ಅರಳಿ ಇರುಳಿನ ಪತಂಗಗಳನ್ನು ಕರೆಯುತ್ತದೆ. ಹೀರೆಯ ಹೂವೂ ಸಂಜೆಯ ಹೂವೇ. ಅದರ ನೆಂಟನಾದ ತುಪ್ಪದ ಹೀರೆ ಮಾತ್ರ ಬೆಳಗಿನದು. ಸೋರೆಗೆ ಬೆಳಗ್ಗೆ ಎದ್ದು ಪರಾಗ ಮುಟ್ಟಿಸಲು ಹೋದವನು ಗಾಡಿ ಹೋದ ಮೇಲೆ ನಿಲ್ದಾಣಕ್ಕೆ ಬಂದವನಂತೆ. ಮಲೆನಾಡಿನ ಮಾಡಹಾಗಲದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಗಂಡು ಬಳ್ಳಿಯೆಂದು ಕಿತ್ತೆಸೆದರೆ ಹೆಣ್ಣು ಬಳ್ಳಿ ಬಂಜೆಯಾಗುತ್ತದೆ.

ಕೈಯಿಂದ ಪರಾಗ ಮುಟ್ಟಿಸುವುದನ್ನೇ ನಂಬಿ ನಿಂತ ಬೆಳೆಗಳೂ ಉಂಟು. ಮೆಕ್ಸಿಕೋ ಮೂಲದ ವೆನಿಲ್ಲಾ ಬಳ್ಳಿಗೆ ಇತರ ದೇಶಗಳಲ್ಲಿ ಕಾಯಿ ಕಚ್ಚುತ್ತಿರಲಿಲ್ಲ. ೧೮೪೧ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್, ತನ್ನ ೧೨ನೆಯ ವಯಸ್ಸಿನಲ್ಲಿ, ಸಣ್ಣ ಕಡ್ಡಿಯಿಂದಲೂ ಹೆಬ್ಬೆರಳಿನಿಂದಲೂ ಆ ಹೂವಿಗೆ ಪರಾಗ ಮುಟ್ಟಿಸುವ ಸರಳವಾದ ಉಪಾಯವನ್ನು ಕಂಡುಹಿಡಿದನು. ನಮ್ಮ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ವೆನಿಲ್ಲಾ ಬೆಳೆದವರು ಮುಂಜಾನೆ ತೋಟದಲ್ಲಿ ಮಾಡಿದ್ದು ಅದೇ ಕೆಲಸ.

ಬೀಜ ಹಿಡಿಯುವವರಿಗೆ ಒಂದು ಮಾತು

ಬೇರೆ ತಳಿಯ ಪರಾಗ ಬಿದ್ದರೆ ಈ ಸಲದ ಕಾಯಿಯ ರುಚಿ ಕೆಡುವುದೆಂದು ಕೆಲವರು ಹೆದರುತ್ತಾರೆ. ಆ ಹೆದರಿಕೆ ಬೇಡ. ಕಾಯಿಯ ತಿರುಳು ತಾಯಿಬಳ್ಳಿಯ ಮೈಯೇ. ಹೊಸ ಸಂಬಂಧದ ಗುಣವಿರುವುದು ಒಳಗಿನ ಬೀಜದಲ್ಲಿ, ಅದು ಕಾಣಿಸುವುದು ಆ ಬೀಜದಿಂದ ಹುಟ್ಟಿದ ಬಳ್ಳಿಯಲ್ಲಿ. ಸೋರೆಯ ಪರಾಗದಿಂದ ಕುಂಬಳ ಕಾಯಿ ಕಚ್ಚುವುದೂ ಇಲ್ಲ. ಆದರೆ ಮುಂದಿನ ವರ್ಷಕ್ಕೆ ಶುದ್ಧವಾದ ಬೀಜ ಬೇಕಾದವರು ಹೆಣ್ಣು ಮೊಗ್ಗಿನ ತುದಿಯನ್ನೂ ಗಂಡು ಮೊಗ್ಗಿನ ತುದಿಯನ್ನೂ ಹಿಂದಿನ ಸಂಜೆಯೇ ದಾರದಿಂದ ಕಟ್ಟಿಟ್ಟು, ಬೆಳಗ್ಗೆ ಬಿಚ್ಚಿ ಪರಾಗ ಮುಟ್ಟಿಸಿ, ಹೆಣ್ಣು ಹೂವಿನ ದಳಗಳನ್ನು ಮತ್ತೆ ಕಟ್ಟಿಬಿಡಬೇಕು.

ಇದು ಕೇವಲ ಕುತೂಹಲದ ವಿಷಯವಲ್ಲ. ಕಾಡುಜಾತಿಯ, ಅಥವಾ ಅಲಂಕಾರಕ್ಕಾಗಿ ಬೆಳೆಸುವ ಬಳ್ಳಿಯ ಪರಾಗ ಬೆರೆತ ಬೀಜದಿಂದ ಮರುವರ್ಷ ಕಹಿಯಾದ ಕಾಯಿಗಳು ಹುಟ್ಟಬಹುದು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷವಸ್ತುಗಳದು. ಬೇಯಿಸಿದರೂ ಅದು ಹೋಗುವುದಿಲ್ಲ. ಕಹಿಯಾದ ಸೋರೆಕಾಯಿಯ ರಸವನ್ನು ಕುಡಿದು ನಮ್ಮ ದೇಶದಲ್ಲಿ ಪ್ರಾಣಹಾನಿಯೇ ಸಂಭವಿಸಿದೆ. ಹಾಗಲದ ಸಹಜವಾದ ಕಹಿಯ ಮಾತು ಬೇರೆ. ಕುಂಬಳ, ಸೋರೆ, ಸೌತೆ, ಜುಕಿನಿಗಳಲ್ಲಿ ತೀವ್ರವಾದ ಕಹಿ ನಾಲಗೆಗೆ ತಗುಲಿದರೆ ಅದನ್ನು ಉಗುಳಿ, ಆ ಕಾಯಿಯನ್ನು ಎಸೆದುಬಿಡುವುದೇ ವಿವೇಕ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗಗಳು

ಓದಿದ್ದನ್ನು ನಂಬುವುದಕ್ಕಿಂತ ಪರೀಕ್ಷಿಸಿ ನೋಡುವುದು ಮೇಲು. ಹತ್ತು ಹದಿನೈದು ಹೆಣ್ಣು ಮೊಗ್ಗುಗಳನ್ನು ಆರಿಸಿ ಮೂರು ಗುಂಪು ಮಾಡಿರಿ. ಮೊದಲ ಗುಂಪನ್ನು ತೆಳುವಾದ ಬಟ್ಟೆಯ ಚೀಲದಿಂದ ಮುಚ್ಚಿ ಹಾಗೆಯೇ ಬಿಡಿರಿ. ಎರಡನೆಯ ಗುಂಪನ್ನೂ ಮುಚ್ಚಿ, ಅರಳಿದ ಬೆಳಗ್ಗೆ ಚೀಲ ತೆಗೆದು ಕೈಯಿಂದ ಪರಾಗ ಮುಟ್ಟಿಸಿ, ಮತ್ತೆ ಮುಚ್ಚಿರಿ. ಮೂರನೆಯ ಗುಂಪನ್ನು ಜೇನಿನ ಪಾಲಿಗೆ ಬಿಡಿರಿ. ಹತ್ತು ದಿನಗಳ ತರುವಾಯ ಪ್ರತಿ ಗುಂಪಿನಲ್ಲಿ ಉಳಿದ ಕಾಯಿಗಳನ್ನು ಎಣಿಸಿರಿ. ಮೊದಲ ಗುಂಪ್ಪೂ ಎರಡನೆಯದೂ ಚೀಲದ ವಿಷಯದಲ್ಲಿ ಸಮಾನ. ವ್ಯತ್ಯಾಸವಿರುವುದು ಪರಾಗವೊಂದರಲ್ಲಿ ಮಾತ್ರ. ಆದುದರಿಂದ ಫಲದ ವ್ಯತ್ಯಾಸಕ್ಕೆ ಪರಾಗವೇ ಕಾರಣವೆಂದು ಧೈರ್ಯವಾಗಿ ಹೇಳಬಹುದು. ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿದರೆ ನಿಮ್ಮ ಊರಿನಲ್ಲಿ ಜೇನು ಎಷ್ಟರಮಟ್ಟಿಗೆ ಉಳಿದಿದೆಯೆಂಬುದರ ಒಂದು ಅಂದಾಜೂ ದೊರೆಯುತ್ತದೆ.

ಕಾಲೇಜಿನ ಸೂಕ್ಷ್ಮದರ್ಶಕ ದೊರೆಯುವವರು ಪರಾಗ ಮೊಳೆಯುವುದನ್ನು ಕಣ್ಣಾರೆ ನೋಡಬಹುದು. ನೂರು ಭಾಗ ನೀರಿಗೆ ಹತ್ತು ಭಾಗ ಸಕ್ಕರೆಯನ್ನು ಕರಗಿಸಿ, ಚಿಟಿಕೆಗಿಂತ ಕಡಮೆ ಬೋರಿಕ್ ಆಮ್ಲವನ್ನು ಬೆರೆಸಿ, ಗಾಜಿನ ಹಲಗೆಯ ಮೇಲೆ ಒಂದು ಹನಿಯಿಟ್ಟು, ಗೌರಿಹೂವಿನ ಅಥವಾ ಕಾಶಿಕಣಗಿಲೆಯ ಹೊಸ ಪರಾಗವನ್ನು ಅದರಲ್ಲಿ ಉದುರಿಸಬೇಕು. ಅರ್ಧ ಗಂಟೆಯ ಹೊತ್ತಿಗೆ ಕಣಗಳಿಂದ ನಾಳಗಳು ಹೊರಡುವುದು ಕಾಣುತ್ತದೆ. ಇನ್ನೊಂದು ಹಲಗೆಯ ಮೇಲೆ ಕುಂಬಳದ ಪರಾಗವನ್ನು ಬರಿಯ ನೀರಿನ ಹನಿಯಲ್ಲಿ ಇಟ್ಟು ನೋಡಿದರೆ ಕಣಗಳು ಉಬ್ಬಿ ಒಡೆಯುವುದನ್ನು ಕಾಣಬಹುದು. ಒಂದೇ ಬೆಂಚಿನ ಮೇಲೆ ಸಸ್ಯವಿಜ್ಞಾನದ ಪಾಠವೂ ಅಭಿಸರಣದ ಪಾಠವೂ ಆಗುತ್ತದೆ.

ಕೈಯಿಂದ ಪರಾಗ ಮುಟ್ಟಿಸುವ ಉಪಾಯ ಹಿತ್ತಿಲಿಗೆ ಸಾಕು. ನಾಡಿನ ಹೊಲಗಳಿಗೆ ಸಾಲದು. ಅಲ್ಲಿ ನಮಗೆ ಜೇನೇ ಗತಿ. ಬೇಲಿಯ ಸಾಲಿನಲ್ಲಿ ನಾಲ್ಕು ಕಾಡುಹೂಗಳನ್ನು ಉಳಿಸುವುದು, ಪೊಟರೆಯಿರುವ ಹಳೆಯ ಮರವನ್ನು ಕಡಿಯದಿರುವುದು, ಬೆಳಗಿನ ಹೊತ್ತು ವಿಷ ಸಿಂಪಡಿಸದಿರುವುದು ಇವೆಲ್ಲ ನೋಡಲು ಸಣ್ಣ ಕೆಲಸಗಳು. ಆದರೆ ಒಂದು ಕುಂಬಳಕಾಯಿಯ ಹಿಂದೆ ನೂರಾರು ಪರಾಗಕಣಗಳೂ ಅವನ್ನು ಹೊತ್ತು ತಂದ ರೆಕ್ಕೆಗಳೂ ಇವೆಯೆಂದು ಅರಿತವನಿಗೆ ಅವು ಸಣ್ಣವಾಗಿ ತೋರಲಾರವು.